ಕಂಡೂ ಬಿಟ್ಟ ಆ ಎರಡು ಸಾಲು

ಬಸವರಾಜ, ನಿನ್ನ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಹೊನ್ನೂರಪ್ಪನವರ ಬೆರಳು ಹೋಗುವುದಕ್ಕೆ ಹನ್ನೊಂದು ದಿನ ಮೊದಲೇ ಬಿದ್ದಿತ್ತು. ಬೇಕೆಂದೇ ಸುಮ್ಮನಿದ್ದೆ — ನೀನು ಎಲ್ಲರೆದುರು ಬೀಳಲಿ ಎಂದು. ನಾಲ್ಕು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ.

ಈಗ ಹೇಳುತ್ತಿದ್ದೇನೆಂದ ಮಾತ್ರಕ್ಕೆ ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಇಳಿದಿಲ್ಲ. ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ.

ಹೊಸಪೇಟೆಯ ಆ ಪುಟ್ಟ ವರ್ಕ್‌ಶಾಪಿನಲ್ಲಿ ಗಣಿಯ ಕನ್ವೇಯರ್ ಬೆಲ್ಟಿಗೆ ನಾವು ಎಲೆಕ್ಟ್ರಾನಿಕ್ ಪೆಟ್ಟಿಗೆ ಕಟ್ಟುತ್ತಿದ್ದೆವು. ಬೆಲ್ಟ್ ಶುರುವಾಗುವ ಮೊದಲು ಸೈರನ್ ಕೂಗಿಸುವುದು ಅದರ ಕೆಲಸ. ಅದನ್ನು ನಡೆಸುವ ಮೂಲ ಪ್ರೋಗ್ರಾಂ ಆದ ಕರ್ನಲ್ಲಿನ ಮೆಮೊರಿ ಭಾಗ ನಮ್ಮಿಬ್ಬರ ಪಾಲಿಗೆ ಬಂದಿತ್ತು. ಅಲ್ಲಿ ಎರಡು ಕೆಲಸ ಒಟ್ಟಿಗೇ ಓಡುತ್ತವೆ: ಒಂದು ಸೆನ್ಸರ್‌ಗಳ ಅಳತೆಯನ್ನು ಮೆಮೊರಿಗೆ ಬರೆಯುತ್ತದೆ, ಇನ್ನೊಂದು ಬಳಸಿ ಮುಗಿದ ಮೆಮೊರಿಯನ್ನು ಬಿಡುಗಡೆ ಮಾಡುತ್ತದೆ. ಬರೆಯುತ್ತಿರುವಾಗಲೇ ಬಿಡುಗಡೆಯಾದರೆ ಪೆಟ್ಟಿಗೆ ಗರ ಬಡಿದಂತೆ ನಿಂತುಬಿಡುತ್ತದೆ. ತಿಂಗಳುಗಟ್ಟಲೆ ನಮ್ಮನ್ನು ಕಾಡಿದ್ದು ಇದೇ.

ಬಿಡಿಸಿದ್ದು ನಾನು. ಯಶವಂತನಗರದ ಫಿಟ್ಟರ್ ಹೊನ್ನೂರಪ್ಪನವರ ಕೆಲಸ ನೋಡಿ ಬಿಡಿಸಿದೆ. ಗಣಿಯಲ್ಲಿ ರಿಪೇರಿಗೆಂದು ಬೆಲ್ಟ್ ಹತ್ತುವ ಪ್ರತಿಯೊಬ್ಬನೂ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಚಾವಿ ಜೇಬಿಗಿಳಿಸುತ್ತಾನೆ. ನಾಲ್ವರು ಹತ್ತಿದರೆ ನಾಲ್ಕು ಬೀಗ. ಕಡೆಯ ಬೀಗ ಇಳಿಯುವ ತನಕ ಯಾರಪ್ಪ ಬಂದರೂ ಸ್ವಿಚ್ ಎತ್ತುವ ಹಾಗಿಲ್ಲ. ಮೆಮೊರಿಗೂ ಹಾಗೇ ಮಾಡಿದೆ — ಅದನ್ನು ಬಳಸುತ್ತಿರುವವರು ಎಷ್ಟು ಎಂಬ ಎಣಿಕೆ ಇಟ್ಟೆ. ಎಣಿಕೆ ಸೊನ್ನೆಯಾಯಿತೇ ಎಂದು ನೋಡುವುದು, ಬಿಡುಗಡೆ ಮಾಡುವುದು, ಎರಡೂ ಒಂದೇ ಹಿಡಿತದಲ್ಲಿ ಆಗಬೇಕು. ನಡುವೆ ಇನ್ನೊಂದು ಕೆಲಸ ನುಸುಳಬಾರದು.

ಸಂಡೂರಿನಲ್ಲಿ ಗಣಿಯವರಿಗೆ ಅದನ್ನು ತೋರಿಸಿದ ದಿನ ನಮ್ಮ ಮಾಲೀಕರು, "ಈ ಬೀಗದ ಐಡಿಯಾ ಯಾರದು?" ಎಂದು ಕೇಳಿದರು. ನೀನು ಎದೆಯುಬ್ಬಿಸಿ ಹೇಳಿದೆ — "ನಂದಾ ರೀ ಸರ್. ಶಿವಲೀಲಾ ಟೈಪ್ ಮಾಡಿ ಕೊಟ್ಲು."

ಟೈಪ್ ಮಾಡಿ ಕೊಟ್ಲು! ಡಿಪ್ಲೊಮಾದಲ್ಲಿ ನಿನ್ನ ಅರ್ಧ ಪ್ರಾಕ್ಟಿಕಲ್ ಬರೆದುಕೊಟ್ಟವಳು ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ — ಅದಕ್ಕೆ ಇವತ್ತಿಗೂ ನನಗೆ ನಾಚಿಕೆ.

ತಿಂಗಳ ನಂತರ, ವೇಗ ಹೆಚ್ಚಿಸುತ್ತೇನೆಂದು ಹೋಗಿ ನೀನು ಆ ಹಿಡಿತವನ್ನೇ ಸಡಿಲಿಸಿದೆ. ಎಣಿಕೆ ನೋಡುವುದು, ಹಿಡಿತ ಬಿಡುವುದು, ಆಮೇಲೆ ಮೆಮೊರಿ ಬಿಡುಗಡೆ. ಎರಡು ಸಾಲಿನ ನಡುವೆ ಕೂದಲೆಳೆಯಷ್ಟು ತೆರಪು. ಮೇಜಿನ ಮೇಲೆ ಸಾವಿರ ಸಲ ಓಡಿಸಿದರೂ ಅದು ಸಿಗದು. ಗಣಿಯಲ್ಲಿ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಸಹಿ ಹಾಕಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ಓದಿದ ಕೂಡಲೇ ನನಗೆ ಹೊಳೆಯಿತು. ಎಷ್ಟು ಖುಷಿಯಾಯಿತು ಗೊತ್ತೇ?

"ನೋಡಿದ್ಯೇನ? ಸರಿ ಐತಿಲ್ಲ?" ಎಂದು ಕೇಳಿದೆ ನೀನು.

"ನೋಡೀನಿ. ಸರಿ ಐತಿ. ಹಾಕು."

ಅಂದು ಮಧ್ಯಾಹ್ನವೇ ತಿದ್ದಿದ ಸಾಲುಗಳನ್ನು ಬರೆದು ನನ್ನ ಫೋಲ್ಡರಿನಲ್ಲಿ ಬಚ್ಚಿಟ್ಟೆ. ಪೆಟ್ಟಿಗೆ ಎರಡು ಸಲ ನಿಲ್ಲಲಿ, ಮಾಲೀಕರು ನಿನಗೆ ಉಗಿಯಲಿ, ಆಗ ನಾನು ಬಂದು ಐದೇ ನಿಮಿಷದಲ್ಲಿ... ಅಷ್ಟೇ ನನ್ನ ಆಸೆ. ಪೆಟ್ಟಿಗೆ ನಿಂತರೆ ಸೈರನ್ ಕೂಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದನ್ನು ಯೋಚಿಸಲು ಹೋಗಲಿಲ್ಲ.

ಹನ್ನೊಂದನೆಯ ದಿನ ಪೆಟ್ಟಿಗೆ ನಿಂತಿತು. ಹೊನ್ನೂರಪ್ಪ ಅಂದು ಬೆಲ್ಟಿನ ಮೇಲೆ ಹತ್ತಿರಲಿಲ್ಲ. ಕೆಳಗೆ ಉದುರಿದ ಅದಿರನ್ನು ಎಳೆಯಲು ಬಗ್ಗಿದ್ದರು. ಎರಡು ನಿಮಿಷದ ಕೆಲಸಕ್ಕೆ ಬೀಗ ಹಾಕುವುದನ್ನು ಅವರೆಲ್ಲ ಬಿಟ್ಟಿದ್ದರು — ನಮ್ಮ ಸೈರನ್ ಬಂದ ಮೇಲೆ. ಕೂಗುತ್ತದಲ್ಲ ಎಂಬ ಧೈರ್ಯ. ಅದು ಕೂಗಲಿಲ್ಲ. ಬೆಲ್ಟ್ ಶುರುವಾಯಿತು. ಬಲಗೈಯ ಎರಡು ಬೆರಳು ರೋಲರಿಗೆ ಸಿಕ್ಕವು.

ನಿನ್ನನ್ನು ಕೆಲಸದಿಂದ ತೆಗೆದರು. ತಪ್ಪನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿದೆನೆಂದು ನನ್ನನ್ನು ಹೊಗಳಿದರು. ನನ್ನ ಸಹಿಯ ಬಗ್ಗೆ ಕೇಳಿದಾಗ, "ಕಣ್ ತಪ್ಪಿತ್ರಿ ಸರ್" ಎಂದೆ. ನಂಬಿದರು. ನೀನು ಚೀಲ ಹೆಗಲಿಗೇರಿಸಿ ಗಾದಿಗನೂರಿನ ಬಸ್ಸಿಗೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ. ಹೊಟ್ಟೆ ತಣ್ಣಗಾಯಿತು. ಹೌದು, ತಣ್ಣಗಾಯಿತು — ಈಗ ಇಲ್ಲವೆಂದರೆ ಅದೂ ಇನ್ನೊಂದು ಸುಳ್ಳು.

ಹೋದ ವಾರ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ಹೊನ್ನೂರಪ್ಪ ಸಿಕ್ಕರು. ಎಡಗೈಯಲ್ಲಿ ಚಹಾದ ಲೋಟ ಹಿಡಿದು, ಬೆಂಚಿನ ಮೇಲೆ ಬದಿಗೆ ಸರಿದು, "ಕುಂದ್ರವ್ವಾ" ಎಂದರು. ನೀನು ಆಗಾಗ ಅವರ ಮನೆಗೆ ಹೋಗುತ್ತೀಯಂತೆ. ಮೊದಲ ಸಲ ಹೋದಾಗ ಅವರ ಕಾಲು ಹಿಡಿದು ಅತ್ತೆಯಂತೆ. ಕೇಳಿ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು — ತಪ್ಪು ಒಪ್ಪಿಕೊಳ್ಳುವುದರಲ್ಲೂ ನನಗಿಂತ ಮುಂದೆ ನಿಂತೆಯಲ್ಲ!

"ಬಸವರಾಜಗ ತಿಳೀಲಿಲ್ಲ, ಪಾಪ," ಎಂದರು ಅವರು. "ನೀ ಒಂದ್ಸಲ ಬರಾಬರಿ ನೋಡಿದ್ದಿದ್ರ ಹಿಡೀತಿದ್ದಿ ಬಿಡವ್ವಾ. ನೀ ಭಾಳ ಶಾಣ್ಯಾಕಿ."

ಬಸ್ ಬಂತೆಂದು ನೆಪ ಹೇಳಿ ಎದ್ದುಬಿಟ್ಟೆ.

ಬಚ್ಚಿಟ್ಟಿದ್ದ ಆ ಫೈಲನ್ನು, ಅದರ ಮೇಲಿನ ತಾರೀಖಿನ ಸಮೇತ, ಇಂದು ಮಾಲೀಕರಿಗೆ ಕಳಿಸಿದ್ದೇನೆ. ನಿನಗೂ ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು. ಸೇಡು ತೀರಿಸಿಕೊಳ್ಳುವ ಸರದಿ ಈಗ ನಿನ್ನದು. ಬೇಡ ಎನ್ನುವ ಮುಖ ನನಗಿಲ್ಲ.

ನಾಳೆ ಬೆಳಿಗ್ಗೆ ಯಶವಂತನಗರಕ್ಕೆ ಹೋಗುತ್ತೇನೆ. ಹೊನ್ನೂರಪ್ಪನವರ ಎದುರು ಕುಳಿತು ಹೇಳಬೇಕಾದದ್ದು ಒಂದೇ ಮಾತು — ನಾನು ನೋಡಿದ್ದೆ.