ಕುಕೀಸಣ್ಣನ ಮದ್ದು

ಆಫೀಸಿನಲ್ಲಿ ಎಲ್ಲರೂ ಅವನನ್ನು ಕುಕೀಸಣ್ಣ ಎಂದೇ ಕರೆಯುತ್ತಿದ್ದರು. ಅದೊಂದು ಆನ್‌ಲೈನ್ ಅಂಗಡಿಯ ಸಹಾಯವಾಣಿ. ಪುಟ ತೆರೆಯುತ್ತಿಲ್ಲ ಎಂದು ಫೋನು ಮಾಡಿದವರಿಗೆಲ್ಲ ಅವನು ಕೊಡುತ್ತಿದ್ದ ಮದ್ದು ಒಂದೇ: ಬ್ರೌಸರಿನ ಕುಕೀಸ್ ಅಳಿಸಿ, ಮತ್ತೆ ಲಾಗಿನ್ ಆಗಿ. ಮುಕ್ಕಾಲು ಪಾಲು ಮಂದಿಗೆ ಅಷ್ಟರಲ್ಲೇ ವಾಸಿಯಾಗುತ್ತಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತಾನೆ ಎಂದು ಪಕ್ಕದ ಕುರ್ಚಿಯವಳು ಕಾಲೆಳೆಯುತ್ತಿದ್ದಳು.

ಅವನ ಮಗಳು ಅಪಘಾತದಲ್ಲಿ ತೀರಿಕೊಂಡು ವರ್ಷ ದಾಟಿತ್ತು. ಅವಳ ಫೋನೂ ಅಲ್ಲೇ ನುಚ್ಚುನೂರಾಗಿತ್ತು. ಉಳಿದದ್ದು ಮನೆಯ ಕಂಪ್ಯೂಟರಿನಲ್ಲಿ ತೆರೆದೇ ಇದ್ದ ಅವಳ ಖಾತೆ, ಅದರೊಳಗೆ ಅವಳು ಹಾಡಿ, ಹರಟಿ, ಅಮ್ಮನನ್ನು ಅಣಕಿಸಿ ರೆಕಾರ್ಡ್ ಮಾಡಿಟ್ಟ ದನಿ. ಹೆಂಡತಿ ದಿನವೂ ಅದನ್ನು ಕೇಳುತ್ತಿದ್ದಳು. ಆಮೇಲಷ್ಟೇ ಅವಳಿಗೆ ಎರಡು ತುತ್ತು ಗಂಟಲಲ್ಲಿ ಇಳಿಯುತ್ತಿತ್ತು. ಅವನು ಮಾತ್ರ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಬೇರೆ ಕಡೆ ಒಂದು ಪ್ರತಿ ಇಳಿಸಿಡಬೇಕೆಂದು ಗೊತ್ತಿತ್ತು. ಹತ್ತಿರ ಹೋದರೆ ಕೇಳಬೇಕಾದೀತು ಎಂದು ಹೆದರಿ, ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದ. ಹೇಡಿತನವಲ್ಲದೆ ಬೇರೇನಲ್ಲ.

ಆ ಮಧ್ಯಾಹ್ನ ಕರೆಗಳ ಮೇಲೆ ಕರೆ. ನಡುವೆ ಹೆಂಡತಿಯ ಫೋನು.

“ರೀ, ಕಂಪ್ಯೂಟರಲ್ಲಿ ಆಸ್ಪತ್ರೆ ಅಪಾಯಿಂಟ್‌ಮೆಂಟ್ ಪೇಜು ಓಪನ್ನೇ ಆಗ್ತಿಲ್ಲ. ಸುಮ್ನೆ ತಿರುಗ್ತಾನೇ ಇದೆ.”

“ಸೆಟ್ಟಿಂಗ್ಸ್‌ಗೆ ಹೋಗಿ ಕುಕೀಸ್ ಡಿಲೀಟ್ ಮಾಡು.”

“ಎಲ್ಲಾದ್ದೂನಾ ಅಂತ ಕೇಳ್ತಿದೆ. ಎಲ್ಲಾ ಕೊಡ್ಲಾ?”

“ಹೂಂ, ಕೊಡು. ಏನೂ ಆಗಲ್ಲ,” ಎಂದವನೇ ಮುಂದಿನ ಕರೆ ಎತ್ತಿಕೊಂಡ.

ಸಂಜೆ ಮನೆಗೆ ಬಂದಾಗ ಹೆಂಡತಿ ಕಂಪ್ಯೂಟರಿನ ಮುಂದೆ ಕೂತಿದ್ದಳು.

“ಪುಟ್ಟಿದು ಪಾಸ್‌ವರ್ಡ್ ಕೇಳ್ತಿದೆ ರೀ. ಯಾವತ್ತೂ ಕೇಳ್ತಿರ್ಲಿಲ್ಲ.”

ಅವನಿಗೆ ಮಧ್ಯಾಹ್ನದ ಫೋನು ನೆನಪಾಯಿತು. ಬಂದವರ ಗುರುತಿಗೆಂದು ಪ್ರತಿ ಜಾಲತಾಣವೂ ಬ್ರೌಸರಿನಲ್ಲಿ ಬಿಟ್ಟುಹೋಗುವ ಚೀಟಿಯೇ ಕುಕಿ. ಮಗಳ ಚೀಟಿಯನ್ನು ಅವನು ಹೆಂಡತಿಯ ಕೈಯಿಂದಲೇ ಹರಿದು ಹಾಕಿಸಿದ್ದ. ಹೊಸ ಪಾಸ್‌ವರ್ಡಿಗೆ ಮಗಳ ನಂಬರಿಗೇ ಓಟಿಪಿ ಹೋಗಬೇಕು. ಆ ನಂಬರು ಎಂದೋ ರದ್ದಾಗಿತ್ತು.

ಮೊದಲ ಬಾರಿಗೆ ಆ ಕುರ್ಚಿಯಲ್ಲಿ ಕೂತು ಊಹಿಸತೊಡಗಿದ. ಹುಟ್ಟಿದ ದಿನ. ಅಮ್ಮನ ಹೆಸರು. ಚಿಕ್ಕವಳಿದ್ದಾಗ ಹೊತ್ತು ತಿರುಗುತ್ತಿದ್ದ ಗೊಂಬೆಯ ಹೆಸರು. ಎಲ್ಲವೂ ತಪ್ಪು ಎಂದಿತು ಪರದೆ.

“ನಂಗೆ ಗೊತ್ತಿದ್ದದ್ದೆಲ್ಲ ಹಾಕಿ ನೋಡಿದೆ. ಅವಳಿಗೆ ಇಷ್ಟ ಆಗಿದ್ದೇನಾದ್ರೂ ನೀವು ಹಾಕಿ ನೋಡಿ,” ಎಂದಳು ಹೆಂಡತಿ.

ಅವನು ಕೀಲಿಗಳ ಮೇಲೆ ಕೈಯಿಟ್ಟು ಕೂತ. ದೊಡ್ಡವಳಾದ ಮೇಲೆ ಮಗಳಿಗೆ ಏನು ಇಷ್ಟವಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬಹುದಾಗಿದ್ದದ್ದು ಆ ದನಿಯಿಂದ ಮಾತ್ರ.