ಕೇಳದೆ ಜಾಕ್ ಇಳಿಸದ ಮೇಸ್ತ್ರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಷೆಡ್ಡಿನೊಳಗೆ ಅರವತ್ತರ ಆಸುಪಾಸಿನ ಒಬ್ಬರು ಬಗ್ಗಿ ನೆಲ ಗುಡಿಸುತ್ತಿದ್ದಾರೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾರೆ. ಆಮೇಲೆ ಪೊರಕೆ ಪಕ್ಕಕ್ಕಿಟ್ಟು, ಅಂಗೈಯಿಂದ ನೆಲ ಸವರಿ ನೋಡುತ್ತಾರೆ. ಗ್ಯಾರೇಜಿಗೆ ಇಷ್ಟೊಂದು ಮಡಿ ಯಾಕೆ ಎಂದು ನಾನು ಕೇಳುತ್ತೇನೆ. "ಜಾಕಿನ ಗಾಲಿಗೆ ಒಂದು ಸಣ್ಣ ಕಲ್ಲು ಸಿಕ್ಕಿದ್ರೂ ಸಾಕು ಸಾರ್, ಇಳಿಸೋವಾಗ ಜಗ್ಗುತ್ತೆ. ಜಗ್ಗಿದ ಮೇಲೆ ಅದು ನಮ್ಮ ಮಾತು ಕೇಳಲ್ಲ" ಎನ್ನುತ್ತಾರೆ. ಅವರ ಹಿಂದೆ ಕೆನೆಬಣ್ಣದ ಹಳೆಯ ಕಾರೊಂದು ಮುಂದಿನ ಎರಡೂ ಚಕ್ರ ಕಳಚಿಕೊಂಡು, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಹಿಂದಿನ ಚಕ್ರಗಳಿಗೆ ಮರದ ದಿಮ್ಮಿಗಳ ತಡೆ.

ಈ ಬೀದಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಮುಂಗಾಲು ಮೇಸ್ತ್ರಿ. ಎಂಜಿನ್ ಬಿಚ್ಚುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಹೊಸ ಕಾರುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಳೇ ಕಾರುಗಳ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಭಾಗಗಳಷ್ಟೇ ಇವರ ಪಾಲಿನ ಕೆಲಸ. ಮೇಲೊಂದು ಕೆಳಗೊಂದು ಕಬ್ಬಿಣದ ತೋಳು, ಅವುಗಳ ನಡುವೆ ಮೊಳಕಾಲಿನಷ್ಟು ಎತ್ತರಕ್ಕೆ ಬರುವ ಸುರುಳಿ ಸ್ಪ್ರಿಂಗು, ಕೀಲುಗಳಲ್ಲಿ ರಬ್ಬರಿನ ಬುಷ್ಷು. ತಿಂಗಳಿಗೆ ಎರಡೋ ಮೂರೋ ಗಾಡಿ ಬರುತ್ತವೆ. ಒಂದೊಂದೂ ಇಲ್ಲಿ ವಾರಗಟ್ಟಲೆ ಬಿಡಾರ ಹೂಡುತ್ತದೆ.

ಕೆನೆಬಣ್ಣದ ಈ ಕಾರು ಒಬ್ಬ ನಿವೃತ್ತ ನರ್ಸಮ್ಮನದು. ಹೊತ್ತಿಲ್ಲದ ಹೊತ್ತಿನಲ್ಲಿ ಹೆರಿಗೆಗೆ ಕರೆ ಬಂದರೆ ಇದರಲ್ಲೇ ಹೋಗುತ್ತಿದ್ದರಂತೆ. ಈಗ ರಸ್ತೆಯಲ್ಲಿ ಸಣ್ಣ ಹಳ್ಳ ಸಿಕ್ಕರೂ ಕಾರು ನರಳುತ್ತದೆ, ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಬೇರೆ ಗ್ಯಾರೇಜಿಗೆ ಕೊಡಿ ಎಂದು ಮೇಸ್ತ್ರಿಯೇ ಕೈಮುಗಿದು ಹೇಳಿದ್ದರು. ಆಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ, ತಿಂಗಳುಗಟ್ಟಲೆ ಕಾದರು.

ಬಂದ ಕೆಲಸವನ್ನು ಮೇಸ್ತ್ರಿ ಯಾಕೆ ಬೇಡ ಎಂದರು? ನನ್ನನ್ನು ಇಷ್ಟು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸಿ ಇಲ್ಲಿಗೆ ತಂದ ಪ್ರಶ್ನೆಯೂ ಅದೇ. ಈ ಮನುಷ್ಯ ಯಾರನ್ನೋ ಕೂಗಿ ಕೇಳದೆ ಜಾಕ್ ಇಳಿಸುವುದಿಲ್ಲ, ಉತ್ತರ ಬರದೆ ಹೋದರೆ ಕಾರನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾರೆ ಎಂದು ಯಾರೋ ಹೇಳಿದ್ದರು. ಪತ್ರಿಕೆಗೆ ಬರೆಯುವವನು ನಾನು, ಅಂಥ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಉತ್ತರ ಕೊಡಲು ಷೆಡ್ಡಿನ ಬಾಗಿಲಲ್ಲಿ ಒಬ್ಬರು ಸಿದ್ಧವಾಗಿ ಕೂತಿದ್ದಾರೆ. ಮೇಸ್ತ್ರಿಯ ಹೆಂಡತಿಯ ಅಣ್ಣ, ಈ ಕೆಲಸ ಕಲಿಸಿದ ಗುರುವೂ ಹೌದು. ಮೇಸ್ತ್ರಿಗೆ ಅವರು 'ಭಾವ'. ಕೈಯಲ್ಲಿ ಚಹಾದ ಲೋಟ, ಬಾಯಲ್ಲಿ ಬಿಡುವಿಲ್ಲದ ಮಾತು. ಎಡಗೈ ಮಾತ್ರ ಮೊಣಕೈಯಲ್ಲಿ ಮಡಚುವುದಿಲ್ಲ.

"ಸ್ಪ್ರಿಂಗು ಅಂದ್ರೆ ಏನಂದ್ಕೊಂಡಿದೀರಿ ಸ್ವಾಮಿ? ಇಡೀ ಕಾರಿನ ಭಾರ ಹೊತ್ಕೊಂಡು ಹಲ್ಲು ಕಚ್ಕೊಂಡು ಕೂತಿರುತ್ತೆ. ಕೆಳಗಿನ ತೋಳಿಗೆ ಜಾಕ್ ಕೊಟ್ಟು, ಕೀಲು ಬಿಚ್ಚಿ, ಉಸಿರು ಬಿಡೋ ಹಾಗೆ ನಿಧಾನವಾಗಿ ಇಳಿಸ್ಬೇಕು. ಅವಸರ ಮಾಡಿದ್ರೆ ಹಾರುತ್ತೆ." ಅವರು ಲೋಟದಿಂದಲೇ ಚಾವಣಿ ತೋರಿಸುತ್ತಾರೆ. ತಗಡಿನಲ್ಲಿ ತಲೆಯಷ್ಟು ಅಗಲದ ಉಬ್ಬು. "ಅದು ನನ್ನದೇ ಸಹಿ."

ಆ ಉಬ್ಬು ಬಿದ್ದ ದಿನ ಅವರು ಮಾಡಿದ ತಪ್ಪು ಈ ಕಸುಬಿನವರು ಮಾತ್ರ ಮಾಡಬಲ್ಲಂಥದು. ಕಾರಿನ ಎಂಜಿನ್ ಬೇರೆಡೆ ರಿಪೇರಿಗೆ ಹೋಗಿತ್ತು. ಎಂಜಿನ್ ಇಲ್ಲದ ಕಾರಿನ ಮೂತಿ ಹಗುರ. ಇವರಿಗೆ ಅದು ಮರೆತುಹೋಯಿತು. ಕೆಳಗಿನಿಂದ ಜಾಕ್ ಒತ್ತಿದಾಗ ಸ್ಪ್ರಿಂಗು ಅದುಮಿಕೊಳ್ಳುವ ಬದಲು ಕಾರೇ ಸ್ಟ್ಯಾಂಡಿನಿಂದ ಮೇಲೆದ್ದಿತು, ಪಕ್ಕಕ್ಕೆ ಜಾರಿತು. ಸ್ಪ್ರಿಂಗು ಮೊಣಕೈಯನ್ನು ಮುರಿದು ಚಾವಣಿಗೆ ಬಡಿಯಿತು. "ನನಗೆ ಆ ಮೇಲೆ ಜಾಕ್ ಕಂಡ್ರೇ ಕೈ ನಡುಗೋದು. ಅದಕ್ಕೇ ಬಾಯಿ ಕೆಲಸಕ್ಕೆ ಇಳಿದೆ" ಎಂದು ಭಾವ ನಗುತ್ತಾರೆ. ಮೇಸ್ತ್ರಿ ನಗುವುದಿಲ್ಲ. ಅಂದು ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಇವರೇ.

ಕೇಳದೆ ಜಾಕ್ ಇಳಿಸಬಾರದೆಂಬ ಕಟ್ಟಳೆ ಹುಟ್ಟಿದ್ದು ಆಗ. ಹಾಕಿದ್ದು ಮೇಸ್ತ್ರಿಯ ಹೆಂಡತಿ.

ಆಕೆ ಪಕ್ಕದ ಕೋಣೆಯಲ್ಲಿ ಹಳೇ ಕಾರುಗಳ ಸೀಟಿಗೆ ಗವಸು ಹೊಲಿಯುತ್ತಾರೆ. ದಪ್ಪ ರೆಕ್ಸಿನ್ ಹೊಲಿಯುವ ಮಿಷನ್ನಿನ ಸದ್ದು ಗೋಡೆ ದಾಟಿ ಬರುತ್ತಿದೆ. ಅಣ್ಣನ ಕೈ ಮುರಿದ ಮೇಲೆ ಗಂಡನಿಗೆ ಒಂದೇ ಷರತ್ತು ಹಾಕಿದರು. ಜಾಕ್ ಇಳಿಸುವ ಮುಂಚೆ ನನ್ನನ್ನು ಕೇಳಬೇಕು, ನಾನು ಬಂದು ನೋಡಿ 'ಬಿಡು' ಅಂದ ಮೇಲೆ ಕೈ ಹಾಕಬೇಕು. ಅಂದಿನಿಂದ ಅದು ತಪ್ಪಿಲ್ಲ. ಸ್ಪ್ರಿಂಗಿನ ಕೆಲಸ ಬೆಳಗಿನ ಜಾವಕ್ಕೇ ಇಟ್ಟುಕೊಂಡದ್ದೂ ಬೀದಿ ಮೌನವಾಗಿರುವಾಗ ಆಕೆಯ ದನಿ ಸ್ಪಷ್ಟವಾಗಿ ಕೇಳಲಿ ಎಂದೇ.

"ಪ್ರತಿ ಸಲ ಬಾನೆಟ್ ಎತ್ತಿ ಎಂಜಿನ್ ಇದೆಯಾ ಅಂತ ನೋಡ್ತಾಳೆ" ಎನ್ನುತ್ತಾರೆ ಮೇಸ್ತ್ರಿ. "ಹಿಂದಿನ ದಿನ ತಾನೇ ಓಡಿಸ್ಕೊಂಡು ಬಂದಿರೋ ಗಾಡಿ ಸಾರ್, ಎಂಜಿನ್ ಎಲ್ಲಿ ಹೋಗುತ್ತೆ? ಆದ್ರೂ ನೋಡ್ತಾಳೆ. ನೋಡ್ಲಿ ಅಂತಾನೇ ನಾನೂ ಕಾಯ್ತೀನಿ."

ಕಳೆದ ವರ್ಷ ಆಕೆಯ ಗಂಟಲಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು, ದನಿ ಹೋಯಿತು. ಈಗ ಆಕೆಯ ಮಾತು ಬರೀ ಗಾಳಿ, ಎದುರಿಗೆ ಕೂತವರಿಗಷ್ಟೇ ತಲುಪುತ್ತದೆ. ಜಾಕಿನಿಂದ ಕಣ್ಣು ತೆಗೆಯದ ಮೇಸ್ತ್ರಿಗೆ ಕೈಸನ್ನೆಯೂ ಕಾಣದು. ಆವತ್ತಿನಿಂದ ಮೇಸ್ತ್ರಿ ಸ್ಪ್ರಿಂಗ್ ಮುಟ್ಟಲಿಲ್ಲ. ಬಂದ ಗಾಡಿಗಳಿಗೆ ಗ್ರೀಸ್ ತುಂಬಿ, ನಟ್ಟು ಬಿಗಿದು ಕಳಿಸಿದರು. ದೊಡ್ಡ ಕೆಲಸ ಇದ್ದರೆ ಆಗುವುದಿಲ್ಲ ಎಂದರು. ನಾನು ಕೂಗಿ ಹೇಳುತ್ತೇನೆ ಬಿಡಪ್ಪ ಎಂದು ಭಾವ ಮುಂದೆ ಬಂದರಂತೆ. "ನಿಮ್ಮ ಬಾಯಿ ನಂಬಿ ನನ್ನ ಕೈ ಕೊಡಲ್ಲ ಭಾವ" ಎಂದು ಮೇಸ್ತ್ರಿ ನೇರವಾಗಿಯೇ ಹೇಳಿದರಂತೆ. ಷೆಡ್ಡಿಗೆ ಬೀಗ ಹಾಕುವ ಮಾತೂ ಮನೆಯಲ್ಲಿ ಬಂದುಹೋಗಿದೆ.

ಅದನ್ನು ಕೇಳಿ ಹೆಂಡತಿ ಸಿಟ್ಟಾದರು. "ನನ್ನ ಗಂಟಲು ಹೋಗಿದೆ, ಕಣ್ಣು ಹೋಗಿದೆಯಾ?" ಎಂದು ಆ ಗಾಳಿಮಾತಿನಲ್ಲೇ ದಬಾಯಿಸಿ, ಗಂಡನ ಪೆಟ್ಟಿಗೆಯಿಂದ ದೊಡ್ಡ ಸ್ಪ್ಯಾನರ್ ಒಂದನ್ನು ಎತ್ತಿಕೊಂಡರು. ಷೆಡ್ಡಿನ ಕಬ್ಬಿಣದ ಕಂಬಕ್ಕೆ ಒಂದು ಏಟು ಹೊಡೆದರೆ 'ತಡಿ', ಎರಡು ಹೊಡೆದರೆ 'ಬಿಡು'. ಮೇಸ್ತ್ರಿ ಅರೆಮನಸ್ಸಿನಿಂದ ಒಪ್ಪಿದ್ದಾರೆ. ಇವತ್ತೇ ಮೊದಲನೆಯ ಸಲ. ಕೈ ಅಲುಗದೆ ನಿಂತರೆ ಕೆಲಸ ಉಳಿಯುತ್ತದೆ. ಕೈ ನಡುಗಿದರೆ ಸಂಜೆಗೆ ಬೀಗ ಎಂದು ಅವರು ನನಗೆ ಮೊದಲೇ ತಿಳಿಸಿದ್ದಾರೆ.

ಮೇಸ್ತ್ರಿ ದಪ್ಪ ಸರಪಳಿಯನ್ನು ಸ್ಪ್ರಿಂಗಿನ ಸುರುಳಿಯೊಳಗೆ ತೂರಿಸಿ, ಕಾರಿನ ಅಡಿಯ ಚೌಕಟ್ಟಿಗೆ ಸುತ್ತಿ ಬೋಲ್ಟ್ ಬಿಗಿಯುತ್ತಾರೆ. ಹಾರಿದರೂ ಸ್ಪ್ರಿಂಗು ದೂರ ಹೋಗದಿರಲಿ ಎಂದು. ಜಾಕನ್ನು ಕೆಳಗಿನ ತೋಳಿಗೆ ಕೊಡುತ್ತಾರೆ, ಕೀಲು ಬಿಡಿಸುತ್ತಾರೆ. ಈಗ ಇಡೀ ಒತ್ತಡ ಜಾಕಿನ ಮೇಲೆ ನಿಂತಿದೆ. ಮೇಸ್ತ್ರಿ ಹಿಂದಕ್ಕೆ ಸರಿದು, ಉದ್ದನೆಯ ಹಿಡಿಯ ತುದಿ ಹಿಡಿದು ಕೂಗುತ್ತಾರೆ.

"ಬಿಡ್ಲಾ?"

ಪಕ್ಕದ ಕೋಣೆಯಲ್ಲಿ ಮಿಷನ್ ನಿಲ್ಲುತ್ತದೆ. ಹೆಗಲ ಮೇಲೆ ಅಳತೆಪಟ್ಟಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು ತೆಳ್ಳಗಿನ ಹೆಂಗಸೊಬ್ಬರು ಬಾಗಿಲಿಗೆ ಬರುತ್ತಾರೆ. ನನ್ನ ಕಡೆ ನೋಡುವುದೂ ಇಲ್ಲ. ಸ್ಟ್ಯಾಂಡು ನೋಡಿದರು, ಸರಪಳಿ ಜಗ್ಗಿ ನೋಡಿದರು, ಬಾನೆಟ್ ಎತ್ತಿ ಎಂಜಿನ್ ನೋಡಿದರು. ಕಂಬದ ಹತ್ತಿರ ಹೋಗಿ ತಿರುಗಿ ನಿಂತರು.

ಠಣ್.

ಎರಡನೆಯ ಏಟಿಗೆ ಕಾಯುತ್ತೇವೆ. ಬರುವುದಿಲ್ಲ. ಮೇಸ್ತ್ರಿ ಹಿಡಿಯಿಂದ ಕೈ ತೆಗೆದು ತಲೆ ಎತ್ತುತ್ತಾರೆ. ಆಕೆಯ ಸ್ಪ್ಯಾನರ್ ನನ್ನ ಕಡೆ ಚಾಚಿದೆ. ನೋಡುವ ಆತುರದಲ್ಲಿ ನಾನು ಯಾವಾಗ ಕೂತೆನೋ ಗೊತ್ತಿಲ್ಲ, ಚಕ್ರ ಕಳಚಿದ ಜಾಗದ ಎದುರಿಗೇ, ಸ್ಪ್ರಿಂಗಿಗೆ ಮುಖ ಕೊಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದೇನೆ. ಊರ ಉಸಾಬರಿಗೆಲ್ಲ ಮೂಗು ತೂರಿಸುವುದು ನನ್ನ ಕಸುಬು. ಇವತ್ತು ಮೂಗಿನ ಜೊತೆ ಇಡೀ ಮುಖವನ್ನೇ ತೂರಿಸಿದ್ದೆ. ಎದ್ದು ಗೋಡೆಯ ಬಳಿ ಹೋಗಿ ನಿಲ್ಲುತ್ತೇನೆ.

ಮೇಸ್ತ್ರಿಗೆ ನಾನು ಕಂಡಿರಲಿಲ್ಲ. ಅವರ ಕಣ್ಣು ಜಾಕಿನ ಮೇಲಿತ್ತು. ಭಾವನಿಗೂ ಕಂಡಿರಲಿಲ್ಲ, ಅವರು ಮಾತಾಡುತ್ತಿದ್ದರು.

ಠಣ್, ಠಣ್.

ಮೇಸ್ತ್ರಿ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಕೆಳಗಿನ ತೋಳು ಇಳಿಯತೊಡಗುತ್ತದೆ. ಸ್ಪ್ರಿಂಗು ಒಮ್ಮೆ ಕಿರ್ರೆನ್ನುತ್ತದೆ, ಸುರುಳಿಗಳು ಒಂದೊಂದಾಗಿ ದೂರವಾಗುತ್ತವೆ, ಕೊನೆಗೆ ಸರಪಳಿಗೆ ಸಡಿಲವಾಗಿ ಒರಗಿಕೊಳ್ಳುತ್ತದೆ. ಅವರ ಕೈ ನಡುಗಲಿಲ್ಲ. ಸ್ಪ್ರಿಂಗನ್ನು ಎತ್ತಿ ಬಟ್ಟೆಯ ಮೇಲಿಟ್ಟು, ಬೆವರು ಒರೆಸಿಕೊಂಡು ಮೇಸ್ತ್ರಿ ಹೇಳುತ್ತಾರೆ: "ನನ್ನ ಹತ್ತು ಬೆರಳೂ ನೆಟ್ಟಗಿವೆ ಸಾರ್. ಜನ ಅದನ್ನ ನನ್ನ ಕೈಚಳಕ ಅಂತಾರೆ. ಯಾರ ಚಳಕ ಅಂತ ನೋಡಿದ್ರಲ್ಲ, ಹಾಗೇ ಬರೀರಿ."

ಬಲಗಡೆಯ ಸ್ಪ್ರಿಂಗ್ ಇನ್ನೂ ಬಾಕಿ ಇದೆ. ಅಷ್ಟರೊಳಗೆ ನಾನು ಹೊಲಿಗೆ ಕೋಣೆಗೆ ಹೋಗುತ್ತೇನೆ. ನರ್ಸಮ್ಮನ ಕಾರಿಗೇ ಕಂದು ಬಣ್ಣದ ಗವಸು ತಯಾರಾಗುತ್ತಿದೆ. ಆಕೆ ಸ್ಟೂಲು ತೋರಿಸುತ್ತಾರೆ, ಮಿಷನ್ ನಿಲ್ಲಿಸುವುದಿಲ್ಲ. ನಾನು ಕೃತಜ್ಞತೆ ಹೇಳಿದರೆ ಕೈ ಕೊಡವಿ ಸುಮ್ಮನಾಗಿಸುತ್ತಾರೆ. ನಿಮಗೇನಾದರೂ ಆಸೆ ಇದೆಯೇ, ದನಿ ಮರಳಬೇಕು ಅಂತಲೋ, ಎಂದು ಕೇಳುತ್ತೇನೆ.

ಮಿಷನ್ ನಿಲ್ಲುತ್ತದೆ. ನಾನು ಬಗ್ಗಿ ಕಿವಿ ಕೊಡುತ್ತೇನೆ.

"ಬಂದ್ರೆ ಬರ್ಲಿ, ಇಲ್ಲದಿದ್ರೆ ಇಲ್ಲ. ಇವ್ರು ಎಷ್ಟು ದಿನ ಈ ಕೆಲಸ ಮಾಡ್ತಾರೋ, ಅಷ್ಟು ದಿನವೂ ನನ್ನನ್ನ ಕೇಳಿ ಜಾಕ್ ಇಳಿಸ್ಬೇಕು. ಅಷ್ಟೇ."

ಗೋಡೆಯಾಚೆಯಿಂದ ಕೂಗು ಬರುತ್ತದೆ. "ಬಿಡ್ಲಾ?" ಈ ಸಲ ಆ ದನಿಯಲ್ಲಿ ಅಳುಕಿಲ್ಲ. ಆಕೆ ಸ್ಪ್ಯಾನರ್ ಎತ್ತಿಕೊಂಡು ಏಳುತ್ತಾರೆ. ನಾನೂ ಏಳಹೊರಡುತ್ತೇನೆ. ಆಕೆ ಬಾಗಿಲಲ್ಲೇ ತಿರುಗಿ, ಸ್ಪ್ಯಾನರಿನ ತುದಿಯಿಂದ ನನ್ನ ಸ್ಟೂಲನ್ನು ತೋರಿಸುತ್ತಾರೆ.

"ನೀವು ಇಲ್ಲೇ ಕೂತಿರಿ."

ಕೂತಿದ್ದೇನೆ. ಗೋಡೆಯಾಚೆ ಬಾನೆಟ್ ಎತ್ತಿದ ಸದ್ದು, ಮುಚ್ಚಿದ ಸದ್ದು, ಕಂಬದ ಮೇಲೆ ಎರಡು ಏಟು.