ಎತ್ವ ಹೆಚ್ಚಾದ ಕಲ್ಲು

ನಮ್ಮ ದೊಡ್ಡಮ್ಮನನ್ನು ಎಲ್ಲರೂ ಉಳಿಯಮ್ಮ ಎಂದೇ ಕರೆಯುವುದು. ಗೋರಿಕಲ್ಲಿನ ಮೇಲೆ ಅಕ್ಷರ ಕೆತ್ತುವುದು ಅವಳ ಕೆಲಸ. ಕಲ್ಲಿನ ಪುಡಿ ಬಿದ್ದೂ ಬಿದ್ದೂ ತಲೆಯಲ್ಲಿ ನರೆ ಯಾವುದು, ಪುಡಿ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ನಾಲಿಗೆಯೂ ಉಳಿಯಷ್ಟೇ ಹರಿತ.

ಅವಳು ಹುಟ್ಟಿದ್ದು ಚರ್ಚಿಗೆ ಹೋಗುವ ಮನೆಯಲ್ಲಿ. ಮದುವೆಯಾಗಿ ಸೇರಿದ್ದು ಸೂಫಿ ಗುರುವೊಬ್ಬರನ್ನು ನಂಬಿದ ಮನೆಗೆ. ಕೆಲಸ ಕಲಿಸಿದ್ದು ಮಾವ. ಸುತ್ತಿಗೆಯ ಒಂದೊಂದು ಏಟಿಗೂ ಉಸಿರು ಬಿಡುತ್ತಾ ದೇವರನ್ನು ನೆನೆಯಬೇಕು ಎನ್ನುವುದು ಅವರ ಮೊದಲ ಪಾಠ. ಯಾವ ಹೆಸರಿನಲ್ಲಿ ನೆನೆಯಲಿ ಎಂದು ಇವಳು ಕೇಳಿದ್ದಕ್ಕೆ, ನಿನ್ನ ಬಾಯಿಗೆ ಬರುವ ಹೆಸರಿನಲ್ಲಿ, ಆದರೆ ಬೆರಳು ಜೋಪಾನ ಎಂದರಂತೆ. ಇವಳು ಯೇಸುವನ್ನು ನೆನೆದು ಕೆತ್ತಿದಳು, ಅವರು ಅಲ್ಲಾಹುವನ್ನು. ಚರ್ಚಿನದು, ಮುಸಲ್ಮಾನರದು, ಎರಡೂ ಸ್ಮಶಾನಗಳ ಕಲ್ಲು ಒಂದೇ ಅಂಗಳದಲ್ಲಿ ತಯಾರಾದವು.

ಕಲಿಯುವ ಕಾಲದಲ್ಲಿ ಅವಳೊಂದು ಎಡವಟ್ಟು ಮಾಡಿಕೊಂಡಳು. ಚರ್ಚಿನ ಸ್ಮಶಾನದ ಪ್ರತಿ ಕಲ್ಲಿನ ಕೆಳಗೂ 'ದೇವರ ಕೃಪೆಗೆ ಪಾತ್ರ' ಎಂಬ ಸಾಲಿರುತ್ತದೆ. ಇವಳು ಎತ್ವವೊಂದನ್ನು ಹೆಚ್ಚಿಗೆ ಹಾಕಿ 'ದೇವರ ಕೃಪೆಗೆ ಪಾತ್ರೆ' ಎಂದು ಕೆತ್ತಿಬಿಟ್ಟಳು. ಪುಣ್ಯಕ್ಕೆ ಮೇಲೆ ಹೆಸರಿನ್ನೂ ಬಿದ್ದಿರಲಿಲ್ಲ. ಒಳ್ಳೆಯ ಕಲ್ಲು ಹಾಳಾಯಿತೆಂದು ಇವಳು ಅಳುತ್ತಾ ಕೂತರೆ, ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದ ಮಾತನ್ನು ದೊಡ್ಡಮ್ಮ ನನಗೆ ಎಷ್ಟು ಸಲ ಒಪ್ಪಿಸಿದ್ದಾಳೋ.

"ನೀನು ಬರೆದಿದ್ದೇ ಸರಿ ಮಗಳೇ. ಯೋಗ್ಯತೆ ನೋಡಿ ಕೊಟ್ರೆ ಅದು ಕೂಲಿ. ಬರಕತ್ತು, ಅದೇ ನಿಮ್ಮ ಕೃಪೆ, ಹಂಗಲ್ಲ, ಅದು ಸುಮ್ನೆ ಸುರಿಯತ್ತೆ. ಪಾತ್ರೆ ಖಾಲಿ ಇಟ್ಕೊಳ್ಳೋದಷ್ಟೇ ನಮ್ಮ ಕೆಲಸ."

ಕಲ್ಲನ್ನು ಮಗುಚಿ ಹಾಕಿ ಬಟ್ಟೆ ಒಗೆಯಲು ಇಟ್ಟುಕೊಂಡರು. ಅದರ ಮೇಲೆ ಎಲ್ಲರಿಗಿಂತ ಹೆಚ್ಚು ಒಗೆದವಳು ದೊಡ್ಡಮ್ಮನ ತಂಗಿ, ಅಂದರೆ ನನ್ನ ಅಮ್ಮ. ಹೊಡೆಯುವ ಗಂಡನನ್ನು ಬಿಟ್ಟು, ನನ್ನನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದವಳು ಕಂಡವರ ಬಟ್ಟೆ ಒಗೆದು ನನ್ನನ್ನು ಸಾಕಿದಳು. ಮುಂದೆ ಒಬ್ಬ ಬಡಗಿಯ ಜೊತೆ ಮದುವೆಯಿಲ್ಲದೆ ಬಾಳಿದಳು. ಚರ್ಚಿನಲ್ಲಿ ಜನ ಅವಳಿದ್ದ ಬೆಂಚು ಬಿಟ್ಟು ಎದ್ದು ಹೋದಾಗ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದಳು. ಪ್ರಾರ್ಥನೆ ನಿಲ್ಲಿಸಲಿಲ್ಲ. ಅದು ಒಗೆಯುವ ಕಲ್ಲಿನ ಮುಂದೆ ನಡೆಯುತ್ತಿತ್ತು, ನಾನೇ ಕಿವಿಯಾರೆ ಕೇಳಿದ್ದೇನೆ.

ಅಮ್ಮ ತೀರಿಕೊಂಡಾಗ ಚರ್ಚಿನ ಸ್ಮಶಾನ ಸಮಿತಿಯ ಮೇಷ್ಟ್ರು ಜಾಗವೇನೋ ಕೊಟ್ಟರು. ಮಕ್ಕಳ ಕಾಗುಣಿತ ತಿದ್ದಿ ತಿದ್ದಿಯೇ ನಿವೃತ್ತರಾದ ಮನುಷ್ಯ. ಆ ಸಾಲು ಮಾತ್ರ ಇವಳಿಗೆ ಕೆತ್ತಕೂಡದು ಎಂದರು. ಪಾತ್ರ ಎಂದರೆ ಯೋಗ್ಯ ಎಂದರ್ಥ, ಇವಳು ಹೇಗೆ ಬದುಕಿದಳೆಂದು ಎಲ್ಲರಿಗೂ ಗೊತ್ತು. ಹೆಸರು, ಎರಡು ತಾರೀಖು ಸಾಕು. ಮೀರಿದರೆ ದೊಡ್ಡಮ್ಮನಿಗೆ ಆ ಸ್ಮಶಾನದ ಕೆಲಸವೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟೂ ಕಲ್ಲುಗಳ ನಡುವೆ ಕೃಪೆಯಿಲ್ಲದ ಒಂದೇ ಕಲ್ಲು ನನ್ನ ಅಮ್ಮನದಾಗಬೇಕೇ? ದೊಡ್ಡಮ್ಮ ನೋಡಿದರೆ, ಆಯ್ತು, ಅವಳಿಗಾಗಿ ಆ ಸಾಲು ಕೆತ್ತುವುದಿಲ್ಲ ಎಂದು ಮಾತು ಕೊಟ್ಟು ಬಂದಳು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ.

ಮೂರನೇ ದಿನ ಬೆಳಿಗ್ಗೆ ಅವಳು ನನ್ನನ್ನು ಹಿತ್ತಲಿಗೆ ಕರೆದು, ಒಗೆಯುವ ಕಲ್ಲಿನ ಒಂದು ತುದಿ ಹಿಡಿ ಎಂದಳು. ಇಬ್ಬರೂ ಸೇರಿ ಮಗುಚಿದೆವು. ಮಣ್ಣು ತೊಳೆದಾಗ ಹಳೆಯ ಸಾಲು ಚೂರೂ ಸವೆಯದೆ ಹಾಗೇ ಇತ್ತು. ಅದರ ಮೇಲೆ ಅಮ್ಮನ ಹೆಸರು, ಎರಡು ತಾರೀಖು ಕೆತ್ತಿದಳು, ಏಟಿಗೊಂದು ಉಸಿರು ಬಿಡುತ್ತಾ. ನಾನು ಪಕ್ಕದಲ್ಲಿ ಕೂತು ಅತ್ತೆ.

ಕಲ್ಲು ನಿಲ್ಲಿಸಿದ ದಿನ ಮೇಷ್ಟ್ರು ಬಂದು ಕೆಂಡವಾದರು. ನೀನು ಮಾತು ತಪ್ಪಿದೆ ಎಂದರು. ಅದು ನಲವತ್ತು ವರ್ಷದ ಹಿಂದಿನ ಕೆತ್ತನೆ, ತಂಗಿಗಾಗಿ ಆ ಸಾಲಿನಲ್ಲಿ ಒಂದು ಚುಕ್ಕಿಯನ್ನೂ ಕೆತ್ತಿಲ್ಲ ಎಂದು ದೊಡ್ಡಮ್ಮ ತಣ್ಣಗೆ ಹೇಳಿದಳು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ಓದಿದರು. ತಪ್ಪು ಕಂಡ ಕೂಡಲೇ ಅವರ ಬೆರಳು ತಾನಾಗಿಯೇ ಎತ್ವದ ಮೇಲೆ ಹೋಯಿತು. ಇದು ತಪ್ಪು, ಈಗಲೇ ತಿದ್ದು ಎಂದರು.

ದೊಡ್ಡಮ್ಮ ಚೀಲದಿಂದ ಉಳಿ ತೆಗೆದು ಅವರ ಬೆರಳಿನ ಪಕ್ಕಕ್ಕೇ ಇಟ್ಟು, ಸುತ್ತಿಗೆ ಎತ್ತಿದಳು.

"ತಿದ್ತೀನಿ ಮೇಷ್ಟ್ರೇ. ಎತ್ವ ಕಿತ್ತು ತಲೆಕಟ್ಟು ಹಾಕಿದ್ರೆ 'ಪಾತ್ರ' ಆಗತ್ತೆ. ಹೊಡೀಲಾ?"

ಮೇಷ್ಟ್ರು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡರು, ಬೆರಳು ಎತ್ವದ ಮೇಲೇ ಇತ್ತು.

"ಬೆರಳು ಜೋಪಾನ," ಎಂದಳು ದೊಡ್ಡಮ್ಮ.

ಅವರು ಬೆರಳು ತೆಗೆದರು. ಆ ಸ್ಮಶಾನದ ಕೆಲಸ ಅವಳಿಗೆ ಮತ್ತೆ ಬರಲಿಲ್ಲ. ಅಮ್ಮನ ಕಲ್ಲು ಎತ್ವದ ಸಮೇತ ನಿಂತಿದೆ.